ಹನ್ನೊಂದು ದೇಶ, ಹನ್ನೊಂದು ಭಯ: ಆಸಿಯಾನ್ ಒಂದೇ ದನಿಯಲ್ಲಿ ಏಕೆ ಮಾತನಾಡುವುದಿಲ್ಲ?

2012ರ ಜುಲೈನಲ್ಲಿ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್‌ನ ವಿದೇಶಾಂಗ ಸಚಿವರು ಸಭೆ ಸೇರಿದ್ದರು. ಇಂಥ ಸಭೆ ಮುಗಿದಾಗ ಒಂದು ಜಂಟಿ ಹೇಳಿಕೆ ಹೊರಬೀಳುವುದು ವಾಡಿಕೆ. ಯಾರ ಮನಸ್ಸನ್ನೂ ನೋಯಿಸದ, ಯಾರ ನೆನಪಿನಲ್ಲೂ ಉಳಿಯದ, ಪುಟಗಟ್ಟಲೆ ಉದ್ದದ ಸಪ್ಪೆ ಹೇಳಿಕೆ. ಆ ಸಲ ಅದೂ ಹೊರಬೀಳಲಿಲ್ಲ. ಕೆಲವೇ ತಿಂಗಳ ಹಿಂದೆ ದಕ್ಷಿಣ ಚೀನಾ ಸಮುದ್ರದ ಸ್ಕಾರ್ಬರೊ ಎಂಬ ಹವಳದಿಬ್ಬದ ಬಳಿ ಚೀನಾದ ಹಡಗುಗಳಿಗೆ ಎದುರು ನಿಂತು ಕೈಸೋತು ಬಂದಿದ್ದ ಫಿಲಿಪ್ಪೀನ್ಸ್, ಆ ದಿಬ್ಬದ ಹೆಸರು ಹೇಳಿಕೆಯಲ್ಲಿ ಬರಲೇಬೇಕೆಂದು ಪಟ್ಟು ಹಿಡಿಯಿತು. ಅದು ಎರಡು ದೇಶಗಳ ನಡುವಿನ ವಿಷಯ, ಒಕ್ಕೂಟದ ಕಾಗದದಲ್ಲಿ ಬೇಡ ಎಂದು ಆ ವರ್ಷ ಅಧ್ಯಕ್ಷ ಸ್ಥಾನದಲ್ಲಿದ್ದ ಕಾಂಬೋಡಿಯಾ ತಳ್ಳಿಹಾಕಿತು. ಸಂಘಟನೆ ಹುಟ್ಟಿ 45 ವರ್ಷಗಳಲ್ಲಿ ಮೊದಲ ಬಾರಿಗೆ ಸಚಿವರು ಜಂಟಿ ಹೇಳಿಕೆಯಿಲ್ಲದೆ ವಿಮಾನ ಹತ್ತಿದರು. ಇಂಡೊನೇಷ್ಯಾದ ಆಗಿನ ವಿದೇಶಾಂಗ ಸಚಿವ ಮಾರ್ಟಿ ನತಲೆಗಾವಾ ರಾಜಧಾನಿಯಿಂದ ರಾಜಧಾನಿಗೆ ಹಾರಿ, ಆರು ಅಂಶಗಳ ತೇಪೆಯೊಂದನ್ನು ಹಾಕಿ ಮಾನ ಉಳಿಸಿದರು. ಆ ಆರರಲ್ಲಿ ಸ್ಕಾರ್ಬರೊ ಹೆಸರಿರಲಿಲ್ಲ.

ಹನ್ನೊಂದು ದೇಶ, 68 ಕೋಟಿಗೂ ಹೆಚ್ಚು ಜನ, ಸುಮಾರು ನಾಲ್ಕು ಲಕ್ಷ ಕೋಟಿ ಡಾಲರ್‌ಗಳ ಆರ್ಥಿಕತೆ. ಇಷ್ಟಿದ್ದೂ ಆಗ್ನೇಯ ಏಷ್ಯಾದ ಈ ಒಕ್ಕೂಟಕ್ಕೆ ತನ್ನದೇ ಸದಸ್ಯನೊಬ್ಬನ ಸಮುದ್ರದಲ್ಲಿ ಏನಾಗುತ್ತಿದೆ ಎಂದು ಒಂದು ವಾಕ್ಯದಲ್ಲಿ ಹೇಳಲಾಗುವುದಿಲ್ಲ. ಸ್ವಂತ ಸದಸ್ಯ ದೇಶದಲ್ಲಿ ಸೇನೆ ಜನರ ಮೇಲೆ ಬಾಂಬ್ ಹಾಕಿದರೆ ತಡೆಯಲಾಗುವುದಿಲ್ಲ. ಇಬ್ಬರು ಸದಸ್ಯರೇ ಪರಸ್ಪರ ರಾಕೆಟ್ ಹಾರಿಸಿಕೊಂಡರೆ ಬಿಡಿಸಲು ಅಮೆರಿಕದ ಅಧ್ಯಕ್ಷರ ಫೋನು ಬೇಕಾಗುತ್ತದೆ. ಇದನ್ನೆಲ್ಲ ನೋಡಿದವರು ಸಾಮಾನ್ಯವಾಗಿ ಆಸಿಯಾನ್ ಎಂದರೆ ಬರೀ ಬಾಯಿಮಾತಿನ ಕೂಟ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನನಗೆ ಆ ತೀರ್ಪು ಅರ್ಧ ಮಾತ್ರ ಸರಿ ಎನಿಸುತ್ತದೆ. ಆಸಿಯಾನ್ ತಾನು ಮಾಡಲು ಹುಟ್ಟಿದ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ. ಈಗ ಎದುರಾಗಿರುವುದು ಬೇರೆಯೇ ಕೆಲಸ. ಅದಕ್ಕೆ ಬೇಕಾದ ಸಲಕರಣೆ ಅದರ ಬಳಿ ಎಂದೂ ಇರಲಿಲ್ಲ.

ಜಗಳಗಂಟರ ಒಪ್ಪಂದ

1967ರ ಆಗಸ್ಟ್‌ನಲ್ಲಿ ಥಾಯ್ಲೆಂಡ್‌ನ ವಿದೇಶಾಂಗ ಸಚಿವ ಥನಾತ್ ಖೋಮಾನ್ ನಾಲ್ವರು ಅತಿಥಿಗಳನ್ನು ಬ್ಯಾಂಕಾಕ್‌ಗೆ ಸಮೀಪದ ಬಾಂಗ್ ಸೇನ್ ಎಂಬ ಕಡಲತೀರದ ಊರಿಗೆ ಕರೆದೊಯ್ದರು. ಇಂಡೊನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರದ ಪ್ರತಿನಿಧಿಗಳು. ಬೆಳಿಗ್ಗೆ ಗಾಲ್ಫ್, ಆಮೇಲೆ ಮಾತುಕತೆ. ಕೋಟು ಟೈ ಕಳಚಿಟ್ಟ ಈ ಮಾತುಕತೆಯಿಂದ ಹೊರಬಂದ ಎರಡು ಪುಟದಷ್ಟು ಚಿಕ್ಕ ಘೋಷಣೆಗೆ ಆಗಸ್ಟ್ 8ರಂದು ಬ್ಯಾಂಕಾಕ್‌ನಲ್ಲಿ ಸಹಿ ಬಿತ್ತು.

ಆ ಐವರ ಸಂಬಂಧ ಹೇಗಿತ್ತು ಎಂಬುದನ್ನು ತಿಳಿಯದೆ ಈ ಸಂಘಟನೆ ಅರ್ಥವಾಗುವುದಿಲ್ಲ. ಮಲೇಷ್ಯಾ ಎಂಬ ಹೊಸ ದೇಶವನ್ನೇ ಒಪ್ಪದ ಇಂಡೊನೇಷ್ಯಾ 1963ರಿಂದ 1966ರವರೆಗೆ ಅದರ ವಿರುದ್ಧ ಅಘೋಷಿತ ಯುದ್ಧ ನಡೆಸಿತ್ತು. ಮಲೇಷ್ಯಾದ ಸಬಾ ಪ್ರಾಂತ್ಯ ತನ್ನದೆಂದು ಫಿಲಿಪ್ಪೀನ್ಸ್ ಹಕ್ಕು ಹೂಡಿತ್ತು. ಸಿಂಗಪುರ ಮಲೇಷ್ಯಾದಿಂದ ಹೊರಬಿದ್ದು ಎರಡೇ ವರ್ಷವಾಗಿತ್ತು. 1965ರ ಮಾರ್ಚ್‌ನಲ್ಲಿ ಸಿಂಗಪುರದ ಮ್ಯಾಕ್‌ಡೊನಾಲ್ಡ್ ಹೌಸ್ ಎಂಬ ಬ್ಯಾಂಕ್ ಕಟ್ಟಡದಲ್ಲಿ ಬಾಂಬ್ ಸ್ಫೋಟಿಸಿ ಮೂವರು ಸತ್ತಿದ್ದರು. ಇಟ್ಟವರು ಇಂಡೊನೇಷ್ಯಾದ ಇಬ್ಬರು ನೌಕಾ ಸೈನಿಕರು. ಆಸಿಯಾನ್ ಹುಟ್ಟಿದ ಮರುವರ್ಷ, ಇಂಡೊನೇಷ್ಯಾದ ಅಧ್ಯಕ್ಷ ಸುಹಾರ್ತೊ ಅವರೇ ಕೇಳಿಕೊಂಡರೂ ಬಗ್ಗದೆ, ಸಿಂಗಪುರ ಆ ಇಬ್ಬರನ್ನೂ ಗಲ್ಲಿಗೇರಿಸಿತು. ಜಕಾರ್ತದಲ್ಲಿ ಜನ ಸಿಂಗಪುರದ ರಾಯಭಾರ ಕಚೇರಿಗೆ ನುಗ್ಗಿದರು.

ಆಮೇಲೆ ನಡೆದದ್ದು ಇನ್ನೂ ಕುತೂಹಲಕರ. 1973ರಲ್ಲಿ ಸಿಂಗಪುರದ ಪ್ರಧಾನಿ ಲೀ ಕ್ವಾನ್ ಯೂ ಜಕಾರ್ತಕ್ಕೆ ಹೋದರು; ತಾವೇ ಗಲ್ಲಿಗೇರಿಸಿದ್ದ ಆ ಇಬ್ಬರ ಸಮಾಧಿಗೆ ಹೂವಿನ ಎಸಳು ಎರಚಿದರು. ಕ್ಷಮೆ ಕೇಳಲಿಲ್ಲ, ತೀರ್ಪನ್ನು ಹಿಂದೆಗೆದುಕೊಳ್ಳಲೂ ಇಲ್ಲ. ಇಂಡೊನೇಷ್ಯಾ ಕೂಡ ಅವರನ್ನು ವೀರರೆಂದು ಪೂಜಿಸುವುದನ್ನು ಬಿಡಲಿಲ್ಲ. ಎಷ್ಟರಮಟ್ಟಿಗೆಂದರೆ 2014ರಲ್ಲಿ ತನ್ನ ಯುದ್ಧನೌಕೆಯೊಂದಕ್ಕೆ ಅವರಿಬ್ಬರ ಹೆಸರಿಟ್ಟಿತು, ಸಿಂಗಪುರ ಮತ್ತೆ ಕೆರಳಿತು. ವ್ಯಾಜ್ಯವನ್ನು ತೀರಿಸಲಿಲ್ಲ, ಮರೆಯಲೂ ಇಲ್ಲ. ಆದರೆ ಅದರ ಹೆಸರಿನಲ್ಲಿ ವ್ಯವಹಾರ ನಿಲ್ಲಿಸಲಿಲ್ಲ. ಆಸಿಯಾನ್ ನಡೆಯುವ ರೀತಿ ಎಂದು ಏನನ್ನು ಕರೆಯುತ್ತಾರೋ ಅದರ ತಿರುಳೆಲ್ಲ ಈ ಒಂದು ಪ್ರಸಂಗದಲ್ಲಿದೆ.

ಈ ನಡವಳಿಕೆಯೇ ಮುಂದೆ ನಿಯಮವಾಯಿತು. 1976ರ ಬಾಲಿ ಒಪ್ಪಂದ ಇನ್ನೊಬ್ಬರ ಆಂತರಿಕ ವಿಷಯದಲ್ಲಿ ತಲೆಹಾಕಬಾರದು, ಬಲ ಪ್ರಯೋಗಿಸಬಾರದು ಎಂದಿತು. 2008ರಲ್ಲಿ ಜಾರಿಗೆ ಬಂದ ಸನದು, ಅಂದರೆ ಒಕ್ಕೂಟದ ಮೂಲ ನಿಯಮಪತ್ರ, ತೀರ್ಮಾನಗಳೆಲ್ಲ ಸಮಾಲೋಚನೆ ಮತ್ತು ಒಮ್ಮತದಿಂದಲೇ ಆಗಬೇಕೆಂದಿತು. ಮತದಾನ ಇಲ್ಲ. ಒಮ್ಮತ ಮೂಡದಿದ್ದರೆ ಶೃಂಗಸಭೆಯ ಮುಂದಿಡಬೇಕು. ಅಲ್ಲಿಯೂ ಅದೇ ನಾಯಕರು, ಅದೇ ಒಮ್ಮತ. ಜಕಾರ್ತದಲ್ಲಿರುವ ಕಾರ್ಯಾಲಯದ ಖರ್ಚಿಗೆ ಎಲ್ಲ ಸದಸ್ಯರೂ ಸಮಪಾಲು ಕೊಡಬೇಕು. ಸಿಂಗಪುರ ಎಷ್ಟೋ ಲಾವೋಸೂ ಅಷ್ಟೇ. ಬಡ ಸದಸ್ಯನಿಗೆ ಎಟುಕುವಷ್ಟೇ ಎಲ್ಲರೂ ಕೊಡುವುದರಿಂದ ಕಾರ್ಯಾಲಯ ಎಂದೂ ದೊಡ್ಡದಾಗುವುದಿಲ್ಲ. ಯುರೋಪಿಯನ್ ಒಕ್ಕೂಟಕ್ಕಿರುವಂಥ ಆಯೋಗ, ಸಂಸತ್ತು, ನ್ಯಾಯಾಲಯ ಯಾವುದೂ ಇಲ್ಲಿಲ್ಲ. ಆಗಬಾರದೆಂದೇ ಹೀಗೆ ಕಟ್ಟಿದ್ದು.

ನಮಗೆ ಇದನ್ನು ತೂಗಿ ನೋಡಲು ಹತ್ತಿರದಲ್ಲೇ ಒಂದು ಉದಾಹರಣೆ ಇದೆ. ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ ಸನದಿನಲ್ಲಿಯೂ ಸರ್ವಾನುಮತವೇ ನಿಯಮ. ಜೊತೆಗೆ ಇಬ್ಬರ ನಡುವಿನ ವ್ಯಾಜ್ಯಗಳನ್ನು ಸಭೆಗೆ ತರಲೇಬಾರದು ಎಂಬ ಷರತ್ತು. 2014ರ ಕಠ್ಮಂಡು ಶೃಂಗಸಭೆಯ ನಂತರ ಸಾರ್ಕ್ ನಾಯಕರು ಒಂದೇ ಒಂದು ಶೃಂಗಸಭೆ ನಡೆಸಿಲ್ಲ. ನಿಯಮ ಒಂದೇ, ಫಲ ಬೇರೆ. ಏಕೆ? ದೊಡ್ಡಣ್ಣನ ನಡವಳಿಕೆ ಒಂದು ಕಾರಣ. ಆಸಿಯಾನ್‌ನ ಜನಸಂಖ್ಯೆಯಲ್ಲಿ ಐದರಲ್ಲಿ ಎರಡು ಪಾಲು ಇಂಡೊನೇಷ್ಯಾದ್ದು. ನೆರೆಯವರನ್ನು ಹೆದರಿಸಿ ಸೋತಿದ್ದ ಆ ದೇಶ ಸುಹಾರ್ತೊ ಕಾಲದಲ್ಲಿ ಬೇಕೆಂದೇ ದನಿ ತಗ್ಗಿಸಿತು. ಇನ್ನೊಂದು ಕಾರಣ, ಐವರಿಗೂ ಒಂದೇ ಭಯವಿತ್ತು: ಒಳಗಿನ ಕಮ್ಯುನಿಸ್ಟ್ ದಂಗೆ, ಉತ್ತರದಲ್ಲಿ ಉರಿಯುತ್ತಿದ್ದ ವಿಯೆಟ್ನಾಂ. ಭಯ ಒಂದೇ ಆಗಿದ್ದಾಗ ಒಮ್ಮತ ಸುಲಭ. ವಿಯೆಟ್ನಾಂ 1978ರ ಕೊನೆಯಲ್ಲಿ ಕಾಂಬೋಡಿಯಾಕ್ಕೆ ಸೇನೆ ನುಗ್ಗಿಸಿದಾಗ ಆಸಿಯಾನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಶ್ವಸಂಸ್ಥೆಯಲ್ಲಿ ಒಂದೇ ದನಿಯಲ್ಲಿ ಮಾತನಾಡಿತು, 1991ರ ಪ್ಯಾರಿಸ್ ಒಪ್ಪಂದದವರೆಗೂ. ಅಂದರೆ ಆಸಿಯಾನ್‌ಗೆ ಒಟ್ಟಾಗಿ ಮಾತನಾಡಲು ಬರುವುದೇ ಇಲ್ಲ ಎಂದೇನಲ್ಲ.

ಆಮೇಲೆ ಬಳಗ ಬೆಳೆಯಿತು. 1984ರಲ್ಲಿ ಬ್ರೂನೈ, 1995ರಲ್ಲಿ ಅದೇ ವಿಯೆಟ್ನಾಂ, 1997ರಲ್ಲಿ ಲಾವೋಸ್ ಮತ್ತು ಮ್ಯಾನ್ಮಾರ್, 1999ರಲ್ಲಿ ಕಾಂಬೋಡಿಯಾ, 2025ರ ಅಕ್ಟೋಬರ್‌ನಲ್ಲಿ ಪೂರ್ವ ತಿಮೋರ್. ಸದಸ್ಯರು ಹೆಚ್ಚಿದಂತೆ ಭಯಗಳೂ ಬೇರೆಬೇರೆಯಾದವು. ನಿಯಮ ಮಾತ್ರ ಹಾಗೇ ಉಳಿಯಿತು.

ತುಕ್ಕು ಹಿಡಿದ ಹಡಗಿನ ಮೇಲೊಂದು ಗಡಿಠಾಣೆ

ದಕ್ಷಿಣ ಚೀನಾ ಸಮುದ್ರದ ವಿವಾದವನ್ನು ನಕಾಶೆಯಲ್ಲಿ ನೋಡಿದರೆ ತಲೆ ಸುತ್ತುತ್ತದೆ. ಒಂದು ಹಡಗಿನಲ್ಲಿ ನೋಡಿದರೆ ಬೇಗ ಅರ್ಥವಾಗುತ್ತದೆ. ಆ ಹಡಗಿನ ಹೆಸರು ಸಿಯೆರಾ ಮಾದ್ರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಟ್ಯಾಂಕುಗಳನ್ನು ದಡಕ್ಕಿಳಿಸಲು ಕಟ್ಟಿದ ಹಡಗು, ಕೈ ಬದಲಾಗುತ್ತಾ ಫಿಲಿಪ್ಪೀನ್ಸ್ ನೌಕಾಪಡೆಗೆ ಬಂತು. 1999ರಲ್ಲಿ ಫಿಲಿಪ್ಪೀನ್ಸ್ ಅದನ್ನು ಸೆಕೆಂಡ್ ಥಾಮಸ್ ಎಂಬ ಹವಳದಿಬ್ಬದ ಮೇಲೆ ಬೇಕೆಂದೇ ಹತ್ತಿಸಿ ನಿಲ್ಲಿಸಿತು. ಅದಕ್ಕೆ ನಾಲ್ಕು ವರ್ಷ ಮುಂಚೆ ಸಮೀಪದ ಮಿಸ್ಚೀಫ್ ದಿಬ್ಬದಲ್ಲಿ ಚೀನಾ ಸದ್ದಿಲ್ಲದೆ ಕಂಬ ನೆಟ್ಟು ಗುಡಿಸಲು ಕಟ್ಟಿತ್ತು. ಮೀನುಗಾರರಿಗೆ ಆಸರೆ ಎಂದಿತ್ತು. ಇಂದು ಅಲ್ಲಿ ವಿಮಾನ ಇಳಿಯುವ ಓಡುದಾರಿಯಿದೆ. ಇನ್ನೊಂದು ದಿಬ್ಬವೂ ಹಾಗೆಯೇ ಹೋಗಬಾರದೆಂದು ಫಿಲಿಪ್ಪೀನ್ಸ್ ಹಳೆಯ ಹಡಗನ್ನೇ ಗಡಿಠಾಣೆ ಮಾಡಿತು. ಅಂದಿನಿಂದ ಇಂದಿನವರೆಗೆ ಬೆರಳೆಣಿಕೆಯ ಸೈನಿಕರು ಅದರೊಳಗೆ ಬದುಕುತ್ತಿದ್ದಾರೆ. ಹಡಗಿನ ತಗಡು ತೂತು ಬಿದ್ದಿದೆ, ಮೈಯೆಲ್ಲ ತುಕ್ಕು. ಅಕ್ಕಿ, ಕುಡಿಯುವ ನೀರು, ರಿಪೇರಿಗೆ ಸಿಮೆಂಟು ಎಲ್ಲವೂ ದೋಣಿಯಲ್ಲೇ ಬರಬೇಕು.

2024ರ ಮಧ್ಯದವರೆಗೆ ಆ ದೋಣಿಗಳನ್ನು ಚೀನಾದ ಕರಾವಳಿ ಕಾವಲು ಹಡಗುಗಳು ಅಡ್ಡಗಟ್ಟುತ್ತಿದ್ದವು, ಜಲಫಿರಂಗಿ ಹಾರಿಸುತ್ತಿದ್ದವು. 2024ರ ಜೂನ್ 17ರಂದು ಕೊಡಲಿ, ಚಾಕು ಹಿಡಿದ ಚೀನೀ ಸಿಬ್ಬಂದಿ ಫಿಲಿಪ್ಪೀನ್ಸ್‌ನ ರಬ್ಬರ್ ದೋಣಿಗಳನ್ನು ಸುತ್ತುವರಿದು ಹರಿದುಹಾಕಿದರು. ಆ ನೂಕಾಟದಲ್ಲಿ ಒಬ್ಬ ಸೈನಿಕನ ಹೆಬ್ಬೆರಳು ಹೋಯಿತು. ಗುಂಡು ಮಾತ್ರ ಹಾರಲಿಲ್ಲ. ಇದು ಆಕಸ್ಮಿಕವಲ್ಲ. ಅಮೆರಿಕ ಮತ್ತು ಫಿಲಿಪ್ಪೀನ್ಸ್ ನಡುವೆ 1951ರಿಂದ ಪರಸ್ಪರ ರಕ್ಷಣಾ ಒಪ್ಪಂದವಿದೆ. ಸಶಸ್ತ್ರ ದಾಳಿ ನಡೆದರೆ ಮಾತ್ರ ಅದು ಎಚ್ಚರಗೊಳ್ಳುತ್ತದೆ. ನೀರು, ಕೊಡಲಿ, ಢಿಕ್ಕಿ ಇವು ಸಶಸ್ತ್ರ ದಾಳಿ ಹೌದೇ ಅಲ್ಲವೇ ಎಂದು ವಕೀಲರು ವಾದಿಸುತ್ತ ಕೂರಬಹುದಾದ ಗೆರೆಯ ಈಚೆಗೇ ಚೀನಾ ನಿಲ್ಲುತ್ತದೆ. ಅವಸರಕ್ಕೆ ಒಮ್ಮೊಮ್ಮೆ ಆಭಾಸವೂ ಆಗುತ್ತದೆ. 2025ರ ಆಗಸ್ಟ್ 11ರಂದು ಸ್ಕಾರ್ಬರೊ ಬಳಿ ಫಿಲಿಪ್ಪೀನ್ಸ್‌ನ ಕಾವಲು ದೋಣಿಯನ್ನು ಅಟ್ಟಿಸಿಕೊಂಡು ಹೊರಟ ಚೀನಾದ ಎರಡು ಹಡಗುಗಳು, ಒಂದು ನೌಕಾಪಡೆಯದ್ದು, ಇನ್ನೊಂದು ಕಾವಲು ಪಡೆಯದ್ದು, ಒಂದಕ್ಕೊಂದು ಢಿಕ್ಕಿ ಹೊಡೆದುಕೊಂಡವು.

ಕಾನೂನಿನ ಲೆಕ್ಕ ಬಹಳ ಸರಳ. ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್ ದೂರದವರೆಗೆ ಮೀನು, ತೈಲ, ಅನಿಲದ ಹಕ್ಕು ಆ ದೇಶದ್ದು. ಸೆಕೆಂಡ್ ಥಾಮಸ್ ದಿಬ್ಬ ಫಿಲಿಪ್ಪೀನ್ಸ್‌ನ ಪಲವಾನ್ ದ್ವೀಪದಿಂದ 200 ಕಿಲೋಮೀಟರ್ ಆಸುಪಾಸಿನಲ್ಲಿದೆ. ಚೀನಾದ ಹೈನಾನ್ ದ್ವೀಪದಿಂದ ಸಾವಿರಕ್ಕೂ ಹೆಚ್ಚು. ಚೀನಾ ತೋರಿಸುವುದು ಇಡೀ ಸಮುದ್ರವನ್ನೇ ಬಳಸಿ ಬರುವ ಒಂಬತ್ತು ಗೀಟುಗಳ ನಕಾಶೆ, ಮತ್ತು ಐತಿಹಾಸಿಕ ಹಕ್ಕಿನ ವಾದ. 2016ರ ಜುಲೈ 12ರಂದು ಹೇಗ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿ ಆ ಗೀಟುಗಳೊಳಗಿನ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲ ಎಂದು ಫಿಲಿಪ್ಪೀನ್ಸ್ ಪರ ತೀರ್ಪು ಕೊಟ್ಟಿತು. ಚೀನಾ ಅದನ್ನು ಒಪ್ಪಲಿಲ್ಲ. ಅದೇ ತಿಂಗಳು ಸೇರಿದ ಆಸಿಯಾನ್ ಸಚಿವರ ಜಂಟಿ ಹೇಳಿಕೆಯಲ್ಲಿ ಆ ತೀರ್ಪಿನ ಪ್ರಸ್ತಾಪವೇ ಇರಲಿಲ್ಲ.

ಇಲ್ಲಿಯೇ ಭಯಗಳ ಲೆಕ್ಕ ಹಾಕಬೇಕು. ಚೀನಾದ ಗೀಟು ಫಿಲಿಪ್ಪೀನ್ಸ್, ವಿಯೆಟ್ನಾಂ, ಮಲೇಷ್ಯಾ, ಬ್ರೂನೈಗಳ ಸಮುದ್ರವನ್ನು ಕಡಿಯುತ್ತದೆ. ಇವರಲ್ಲಿಯೂ ಒಂದೇ ದಾರಿಯಿಲ್ಲ. 1974ರಲ್ಲಿ ಪ್ಯಾರಾಸೆಲ್ ದ್ವೀಪಗಳನ್ನು, 1988ರಲ್ಲಿ ಜಾನ್ಸನ್ ಸೌತ್ ದಿಬ್ಬದಲ್ಲಿ 64 ಸೈನಿಕರನ್ನು ಚೀನಾದ ಕೈಯಲ್ಲಿ ಕಳೆದುಕೊಂಡ ವಿಯೆಟ್ನಾಂ, ದಿಬ್ಬಗಳ ಮೇಲೆ ತಾನೂ ಮಣ್ಣು ಸುರಿದು ದ್ವೀಪ ಬೆಳೆಸುತ್ತಿದೆ. ಬೀಜಿಂಗ್‌ನ ಕಮ್ಯುನಿಸ್ಟ್ ಪಕ್ಷದೊಂದಿಗೆ ನಂಟನ್ನೂ ಕಾಪಾಡಿಕೊಳ್ಳುತ್ತದೆ. ಮಲೇಷ್ಯಾ ಬಾಯಿ ಮುಚ್ಚಿಕೊಂಡು ತೈಲ ತೆಗೆಯುತ್ತದೆ. ಬ್ರೂನೈ ಬಾಯಿ ಮುಚ್ಚಿಕೊಂಡು ಸುಮ್ಮನಿರುತ್ತದೆ. ಇಂಡೊನೇಷ್ಯಾ ತನಗೆ ವಿವಾದವೇ ಇಲ್ಲ ಎನ್ನುತ್ತದೆ, ಆದರೆ ನತುನಾ ದ್ವೀಪಗಳ ಆಚೆಗಿನ ತನ್ನ ಸಮುದ್ರಕ್ಕೆ 2017ರಲ್ಲಿ ಉತ್ತರ ನತುನಾ ಸಮುದ್ರ ಎಂದು ಹೊಸ ಹೆಸರಿಟ್ಟಿತು. ಇನ್ನು ಲಾವೋಸ್‌ಗೆ ಸಮುದ್ರವೇ ಇಲ್ಲ. ಅದಕ್ಕಿರುವುದು 2021ರ ಡಿಸೆಂಬರ್‌ನಲ್ಲಿ ಓಡಲಾರಂಭಿಸಿದ, ಚೀನಾ ಗಡಿಯಿಂದ ವಿಯೆಂಟಿಯಾನ್‌ವರೆಗಿನ ರೈಲು ಮತ್ತು ಅದಕ್ಕಾಗಿ ಮಾಡಿದ ಸಾಲ. ಕಾಂಬೋಡಿಯಾದ ರೀಮ್ ನೌಕಾನೆಲೆಯನ್ನು ಚೀನಾ ಹಣ ಹಾಕಿ ಹೊಸದಾಗಿ ಕಟ್ಟಿಕೊಟ್ಟಿದೆ. ಯಾರದೋ ಹವಳದಿಬ್ಬಕ್ಕಾಗಿ ಸಾಲ ಕೊಟ್ಟವನನ್ನು ಎದುರು ಹಾಕಿಕೊಳ್ಳಲು ಈ ದೇಶಗಳಿಗೆ ಕಾರಣವಿಲ್ಲ, ಮತ್ತು ನಿಯಮದ ಪ್ರಕಾರ ಹಾಗೆ ಮಾಡಬೇಕಾಗಿಯೂ ಇಲ್ಲ.

ಹೊರಗಿನ ಶಕ್ತಿಗೆ ಹನ್ನೊಂದು ದೇಶಗಳನ್ನೂ ಒಲಿಸಿಕೊಳ್ಳುವ ಶ್ರಮ ಬೇಕಿಲ್ಲ, ಒಬ್ಬನೇ ಸಾಕು. ಚಿಕ್ಕವರನ್ನು ದೊಡ್ಡವರಿಂದ ಕಾಪಾಡಲೆಂದು ಇಟ್ಟ ನಿಯಮ ಹೀಗೆ ಅತಿ ದೊಡ್ಡವನ ಕೈಯ ಸಲಕರಣೆಯಾಯಿತು. 2023ರಲ್ಲಿ ಆಸಿಯಾನ್ ಸೇನೆಗಳು ಮೊದಲ ಬಾರಿಗೆ ತಮ್ಮ ತಮ್ಮಲ್ಲೇ ಒಂದು ಜಂಟಿ ಕವಾಯತು ನಡೆಸಲು ಹೊರಟವು. ಉತ್ತರ ನತುನಾ ಸಮುದ್ರದಲ್ಲಿ ಎಂದು ಇಂಡೊನೇಷ್ಯಾ ಪ್ರಕಟಿಸಿತ್ತು. ಕಾಂಬೋಡಿಯಾ ಅನುಮಾನ ತೋರಿತು. ಕೊನೆಗೆ ಸೆಪ್ಟೆಂಬರ್‌ನಲ್ಲಿ ಕವಾಯತು ನಡೆದದ್ದು ದಕ್ಷಿಣ ನತುನಾದಲ್ಲಿ, ಚೀನಾದ ಗೀಟು ತಾಕದ ಕಡೆ. ಅದೂ ಯುದ್ಧಾಭ್ಯಾಸವಲ್ಲ, ವಿಪತ್ತು ಪರಿಹಾರದ ಅಭ್ಯಾಸ.

ಮ್ಯಾನ್ಮಾರ್: ವರ್ಷಕ್ಕೊಬ್ಬ ದೂತ

2021ರ ಫೆಬ್ರವರಿ 1ರಂದು ಮ್ಯಾನ್ಮಾರ್ ಸೇನೆ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿತು. ಏಪ್ರಿಲ್ 24ರಂದು ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಅವರನ್ನು ಜಕಾರ್ತಕ್ಕೆ ಕರೆಸಿಕೊಂಡ ಆಸಿಯಾನ್ ನಾಯಕರು ಐದು ಅಂಶಗಳ ಒಮ್ಮತವೊಂದನ್ನು ಪ್ರಕಟಿಸಿದರು: ಹಿಂಸೆ ನಿಲ್ಲಲಿ, ಎಲ್ಲರೊಂದಿಗೆ ಮಾತುಕತೆ ನಡೆಯಲಿ, ಆಸಿಯಾನ್ ದೂತರೊಬ್ಬರು ಮಧ್ಯಸ್ಥಿಕೆ ವಹಿಸಲಿ, ನೆರವು ತಲುಪಲಿ, ದೂತರು ಎಲ್ಲ ಪಕ್ಷಗಳನ್ನೂ ಭೇಟಿಯಾಗಲಿ. ಊರಿಗೆ ಮರಳಿದ ಸೇನಾ ಮುಖ್ಯಸ್ಥರು ದೇಶ ಶಾಂತವಾದ ಮೇಲೆ ಈ ಸಲಹೆಗಳನ್ನು ಪರಿಶೀಲಿಸುವುದಾಗಿ ಹೇಳಿದರು. ಅಲ್ಲಿಗೆ ಮುಗಿಯಿತು. ಒಪ್ಪಿದ್ದನ್ನು ಮುರಿದರೆ ವಿಷಯವನ್ನು ಶೃಂಗಸಭೆಯ ಮುಂದಿಡಬೇಕು ಎಂದಷ್ಟೇ ಆಸಿಯಾನ್ ಸನದು ಹೇಳುತ್ತದೆ, ಶಿಕ್ಷೆ ಏನೆಂದು ಹೇಳುವುದಿಲ್ಲ. ಉಚ್ಚಾಟನೆಯ ವಿಧಿಯೇ ಅಲ್ಲಿಲ್ಲ.

ದೂತರ ಕಥೆ ಇನ್ನೂ ವಿಚಿತ್ರ. ಅಧ್ಯಕ್ಷ ಸ್ಥಾನ ವರ್ಷಕ್ಕೊಮ್ಮೆ ಸರದಿಯಂತೆ ಬದಲಾಗುತ್ತದೆ, ಅದರೊಂದಿಗೆ ದೂತರೂ ಬದಲಾಗುತ್ತಾರೆ. ಬ್ರೂನೈ, ಕಾಂಬೋಡಿಯಾ, ಇಂಡೊನೇಷ್ಯಾ, ಲಾವೋಸ್, ಮಲೇಷ್ಯಾ ಒಂದರ ಹಿಂದೊಂದು ಬಂದವು. ಒಬ್ಬರು ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಬ್ಬರ ಸರದಿ. ಹತ್ತಾರು ವರ್ಷ ಅಧಿಕಾರದ ರುಚಿ ಕಂಡ ಸೇನೆಗೆ ಕಾಯುವುದೊಂದೇ ಕೆಲಸ. 2022ರ ಜನವರಿಯಲ್ಲಿ ಕಾಂಬೋಡಿಯಾದ ಆಗಿನ ಪ್ರಧಾನಿ ಹುನ್ ಸೇನ್ ತಾವೇ ಮ್ಯಾನ್ಮಾರ್‌ಗೆ ಹೋಗಿ ಕೈಕುಲುಕಿ ಬಂದರು. ಅದೇ ವರ್ಷದ ಜುಲೈನಲ್ಲಿ ಅವರ ಮನವಿಯನ್ನು ಕಡೆಗಣಿಸಿ ಸೇನಾಡಳಿತ ನಾಲ್ವರು ಪ್ರಜಾಪ್ರಭುತ್ವವಾದಿಗಳನ್ನು ಗಲ್ಲಿಗೇರಿಸಿತು. ಆಸಿಯಾನ್ ಮಾಡಿದ ಅತಿ ಕಠಿಣ ಕೆಲಸವೆಂದರೆ ಸೇನಾ ಮುಖ್ಯಸ್ಥರನ್ನು ಶೃಂಗಸಭೆಗೆ ಕರೆಯದಿದ್ದುದು, ಮತ್ತು 2026ರಲ್ಲಿ ಮ್ಯಾನ್ಮಾರ್‌ಗೆ ಬರಬೇಕಿದ್ದ ಅಧ್ಯಕ್ಷ ಸ್ಥಾನವನ್ನು ಫಿಲಿಪ್ಪೀನ್ಸ್‌ಗೆ ದಾಟಿಸಿದ್ದು. ಒಬ್ಬ ಸದಸ್ಯನ ಆಂತರಿಕ ವಿಷಯದಲ್ಲಿ ತಲೆಹಾಕದಿರುವುದೇ ಧರ್ಮ ಎಂದು ನಂಬಿದ ಕೂಟಕ್ಕೆ ಇದು ಸಣ್ಣ ಹೆಜ್ಜೆಯಲ್ಲ. ಮ್ಯಾನ್ಮಾರ್ ಜನರಿಗೆ ಅದರಿಂದ ಏನೂ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ.

ಇದೇ ಮ್ಯಾನ್ಮಾರ್‌ನಲ್ಲಿ ಆಸಿಯಾನ್ ಗೆದ್ದ ಕಥೆಯೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. 2008ರ ಮೇ ತಿಂಗಳ ನರ್ಗಿಸ್ ಚಂಡಮಾರುತದಲ್ಲಿ ಸುಮಾರು 1.38 ಲಕ್ಷ ಜನ ಸತ್ತರು ಅಥವಾ ಕಾಣೆಯಾದರು. ಅಂದಿನ ಸೇನಾಡಳಿತ ವಿದೇಶಿ ನೆರವನ್ನು ಗಡಿಯಲ್ಲೇ ತಡೆದಿತ್ತು. ಪಾಶ್ಚಾತ್ಯ ದೇಶಗಳು ಬೆದರಿಕೆ ಹಾಕುತ್ತಿದ್ದಾಗ ಆಸಿಯಾನ್ ಪ್ರಧಾನ ಕಾರ್ಯದರ್ಶಿ ಸುರಿನ್ ಪಿತ್ಸುವಾನ್ ಸೇನೆಗೆ ಮುಖಭಂಗವಾಗದಂತೆ ಮಾತನಾಡಿ, ಮ್ಯಾನ್ಮಾರ್, ಆಸಿಯಾನ್, ವಿಶ್ವಸಂಸ್ಥೆ ಮೂವರೂ ಸೇರಿದ ತಂಡ ಕಟ್ಟಿ ಬಾಗಿಲು ತೆರೆಸಿದರು. ಸೇನೆಯ ಕುರ್ಚಿಗೆ ಧಕ್ಕೆಯಿಲ್ಲದಾಗ ಮೆದುಮಾತು ಕೆಲಸ ಮಾಡಿತು. ಕುರ್ಚಿಯೇ ಪ್ರಶ್ನೆಯಾದಾಗ ಕೆಲಸ ಮಾಡಲಿಲ್ಲ.

ಈ ಅರಾಜಕತೆಯ ಬಿಸಿ ಕರ್ನಾಟಕಕ್ಕೂ ತಟ್ಟಿದೆ. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೊ ಕರೆಯಲ್ಲಿ ಬಂದು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಬಂಧನದಲ್ಲಿಟ್ಟಿದ್ದೇವೆ ಎಂದು ಹೆದರಿಸಿ ಬೆಂಗಳೂರಿನ ಹಿರಿಯರ ಜೀವಮಾನದ ಉಳಿತಾಯ ದೋಚುವ ಕರೆಗಳಲ್ಲಿ ಬಹಳಷ್ಟು ಬರುವುದು ಕಾಂಬೋಡಿಯಾ, ಲಾವೋಸ್ ಮತ್ತು ಥಾಯ್ ಗಡಿಗೆ ಹೊಂದಿದ ಮ್ಯಾನ್ಮಾರ್‌ನ ಮ್ಯಾವಡ್ಡಿ ಪ್ರದೇಶದ ಬೇಲಿ ಹಾಕಿದ ಕಾಂಪೌಂಡುಗಳಿಂದ. ಯಾವ ಸರ್ಕಾರದ ಆಡಳಿತವೂ ನಡೆಯದ ಆ ಗಡಿಪಟ್ಟಿಯಲ್ಲಿ ಸಶಸ್ತ್ರ ಗುಂಪುಗಳ ಕಾವಲಿನಲ್ಲಿ ಈ ದಂಧೆ ಬೆಳೆದಿದೆ. ಕರೆ ಮಾಡುವವರಲ್ಲಿ ಹಲವರು ತಾವೇ ಬಲಿಪಶುಗಳು. ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ ಎಂಬ ಜಾಹೀರಾತು ನಂಬಿ ಹೋಗಿ ಪಾಸ್‌ಪೋರ್ಟ್ ಕಳೆದುಕೊಂಡವರು. 2025ರ ಮಾರ್ಚ್‌ನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಇಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡ್‌ನ ಮೇ ಸೋಟ್‌ನಿಂದ ಕರೆತಂದವು. ಆ ಕಾಂಪೌಂಡುಗಳಿಗೆ ವಿದ್ಯುತ್ ಹೋಗುತ್ತಿದ್ದುದು ಥಾಯ್ಲೆಂಡ್‌ನಿಂದ. ಅದನ್ನು ಕಡಿದದ್ದು 2025ರ ಫೆಬ್ರವರಿಯಲ್ಲಿ, ಆಸಿಯಾನ್ ಠರಾವಿನಿಂದಲ್ಲ. ಚೀನಾದ ನಟನೊಬ್ಬನ ಅಪಹರಣದಿಂದ ಚೀನೀ ಪ್ರವಾಸಿಗರು ಥಾಯ್ಲೆಂಡ್‌ಗೆ ಬರಲು ಅಂಜಿದ ಮೇಲೆ.

ಸದಸ್ಯರೇ ಬಂದೂಕು ಎತ್ತಿದಾಗ

ಆಸಿಯಾನ್ ಸದಸ್ಯರು ತಮ್ಮತಮ್ಮಲ್ಲಿ ಯುದ್ಧ ಮಾಡುವುದಿಲ್ಲ ಎಂಬ ಹೆಮ್ಮೆಯ ಮಾತು 2025ರ ಜುಲೈ 24ರಂದು ಮುಕ್ಕಾಯಿತು. ಥಾಯ್ಲೆಂಡ್ ಎಫ್-16 ವಿಮಾನ ಹಾರಿಸಿತು, ಕಾಂಬೋಡಿಯಾ ರಾಕೆಟ್ ಸುರಿಸಿತು. ಐದು ದಿನಗಳಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು, ಸುಮಾರು ಮೂರು ಲಕ್ಷ ಜನ ಮನೆ ಬಿಟ್ಟರು. ಮೂಲದಲ್ಲಿರುವುದು ಫ್ರೆಂಚರ ಕಾಲದ ಗಡಿ: ಕಾಂಬೋಡಿಯಾ ಹಿಡಿದಿರುವುದು ಫ್ರೆಂಚರು ಮಾಡಿದ ಎರಡು ಲಕ್ಷಕ್ಕೆ ಒಂದರ ಅಳತೆಯ ನಕಾಶೆ, ಥಾಯ್ಲೆಂಡ್ ಹಿಡಿದಿರುವುದು ಐವತ್ತು ಸಾವಿರಕ್ಕೆ ಒಂದರ ತನ್ನದೇ ನಕಾಶೆ. ಪ್ರಿಯಾ ವಿಹಾರ್ ಶಿವ ದೇಗುಲ ಕಾಂಬೋಡಿಯಾದ್ದೆಂದು ಅಂತರರಾಷ್ಟ್ರೀಯ ನ್ಯಾಯಾಲಯ 1962ರಲ್ಲೇ ಹೇಳಿದರೂ ಗಡಿಯ ಉಳಿದ ಭಾಗ ಹಾಗೇ ಉಳಿದಿದೆ. ಕಿಡಿ ಹತ್ತಿಸಿದ್ದು ಮಾತ್ರ ರಾಜಕಾರಣ. ಥಾಯ್ ಪ್ರಧಾನಿ ಪೆತೊಂಗ್ಟಾರ್ನ್ ಶಿನವಾತ್ರ ಕುಟುಂಬದ ಸ್ನೇಹಿತ ಹುನ್ ಸೇನ್‌ಗೆ ಫೋನ್ ಮಾಡಿ, ಅಂಕಲ್ ಎಂದು ಕರೆದು, ತಮ್ಮದೇ ಸೇನಾಧಿಕಾರಿಯನ್ನು ಟೀಕಿಸಿದರು. ಆ ಮಾತು ಬಹಿರಂಗವಾಯಿತು. ಅವರು ಪದವಿ ಕಳೆದುಕೊಂಡರು.

ಆಗ ಅಧ್ಯಕ್ಷ ಸ್ಥಾನದಲ್ಲಿದ್ದ ಮಲೇಷ್ಯಾದ ಪ್ರಧಾನಿ ಅನ್ವರ್ ಇಬ್ರಾಹಿಂ ಜುಲೈ 28ರಂದು ಇಬ್ಬರನ್ನೂ ಪುತ್ರಜಯಾದಲ್ಲಿ ಕೂರಿಸಿ ಕದನವಿರಾಮ ಮಾಡಿಸಿದರು. ಯುದ್ಧ ನಿಲ್ಲಿಸದಿದ್ದರೆ ವ್ಯಾಪಾರ ಒಪ್ಪಂದವಿಲ್ಲ ಎಂದು ಟ್ರಂಪ್ ಬೆದರಿಸಿದ್ದರಿಂದ ಇಬ್ಬರೂ ಬಂದರು ಎಂಬುದು ಬಹಿರಂಗ ಗುಟ್ಟು. ಆದರೂ ಒಂದು ವ್ಯತ್ಯಾಸ ಗಮನಿಸಬೇಕು. 2011ರಲ್ಲಿ ಇದೇ ಗಡಿಯಲ್ಲಿ ಗುಂಡು ಹಾರಿದಾಗ ಆಸಿಯಾನ್ ವೀಕ್ಷಕರನ್ನು ಥಾಯ್ ಸೇನೆ ಒಳಗೆ ಬಿಟ್ಟಿರಲಿಲ್ಲ, 2025ರಲ್ಲಿ ಬಿಟ್ಟಿತು. ಅಕ್ಟೋಬರ್‌ನಲ್ಲಿ ಕ್ವಾಲಾಲಂಪುರದಲ್ಲಿ ಟ್ರಂಪ್ ಸಮ್ಮುಖದಲ್ಲಿ ಸಹಿ ಬಿದ್ದ ಒಪ್ಪಂದ ನೆಲಬಾಂಬೊಂದಕ್ಕೆ ಥಾಯ್ ಸೈನಿಕರು ಕಾಲು ಕೊಟ್ಟಾಗ ನಿಂತುಹೋಯಿತು, ಡಿಸೆಂಬರ್‌ನಲ್ಲಿ ಮತ್ತೆ ಕಾಳಗ, ತಿಂಗಳ ಕೊನೆಗೆ ಮತ್ತೆ ಕದನವಿರಾಮ. ಹೊರಗಿನವರ ಬೆದರಿಕೆ ಬಂದೂಕನ್ನು ಇಳಿಸಬಲ್ಲದು. ಎರಡು ನಕಾಶೆಗಳನ್ನು ಒಂದು ಮಾಡುವ ತಾಳ್ಮೆ ಅದಕ್ಕಿಲ್ಲ.

ಟ್ರಂಪ್ ಸುಂಕದ ವಿಷಯಕ್ಕೆ ಬಂದರೆ ಒಕ್ಕೂಟದ ಒಗ್ಗಟ್ಟು ಇನ್ನಷ್ಟು ಬಯಲಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಕಾಂಬೋಡಿಯಾಕ್ಕೆ ಶೇ 49, ವಿಯೆಟ್ನಾಂಗೆ ಶೇ 46, ಸಿಂಗಪುರಕ್ಕೆ ಶೇ 10. ಒಟ್ಟಾಗಿ ಚೌಕಾಸಿ ಮಾಡೋಣ ಎಂಬ ಮಾತು ಬಂತು. ಅಷ್ಟರಲ್ಲಿ ಪ್ರತಿಯೊಬ್ಬರೂ ವಾಷಿಂಗ್ಟನ್‌ಗೆ ಬೇರೆಬೇರೆ ಟಿಕೆಟ್ ತೆಗೆಸಿದ್ದರು. ಸಿಂಗಪುರದ ಸಂಶೋಧನಾ ಸಂಸ್ಥೆ ಐಸಿಯಾಸ್ ಪ್ರತಿವರ್ಷ ಈ ದೇಶಗಳ ಅಧಿಕಾರಿಗಳು, ಪಂಡಿತರು, ಉದ್ಯಮಿಗಳನ್ನು ಒಂದು ಪ್ರಶ್ನೆ ಕೇಳುತ್ತದೆ: ಒಂದು ಪಕ್ಷ ಆರಿಸಲೇಬೇಕಾಗಿ ಬಂದರೆ ಅಮೆರಿಕವೋ, ಚೀನಾವೋ? 2024ರಲ್ಲಿ ಶೇ 50.5 ಮಂದಿ ಚೀನಾ ಎಂದರು. 2025ರಲ್ಲಿ ಶೇ 52.3 ಮಂದಿ ಅಮೆರಿಕ ಎಂದರು. ನನಗನಿಸುವಂತೆ ಈ ಅಂಕಿಗಳ ನಿಜವಾದ ಉತ್ತರ, ದಯವಿಟ್ಟು ಈ ಪ್ರಶ್ನೆ ಕೇಳಬೇಡಿ ಎಂಬುದು.

ಸೇರುವವರು ಸೇರಲಿ

ಹಾಗಾದರೆ ದಾರಿ? ಒಮ್ಮತದ ನಿಯಮ ತೆಗೆದು ಬಹುಮತ ತನ್ನಿ ಎಂದು ಹೇಳುವುದು ಸುಲಭ. ಆ ನಿಯಮ ತೆಗೆಯಲೂ ಒಮ್ಮತ ಬೇಕು. ತೆಗೆದರೂ ಸೋತ ಪಕ್ಷದ ಕಾಂಬೋಡಿಯಾ ಅಥವಾ ಲಾವೋಸ್ ಠರಾವನ್ನು ಪಾಲಿಸುತ್ತದೆ ಎಂದೇನಿಲ್ಲ, ಪಾಲಿಸುವಂತೆ ಮಾಡುವ ಬಲವೂ ಯಾರಲ್ಲಿಲ್ಲ.

ಕೆಲಸವಾಗಿರುವುದು ಬೇರೆ ಕಡೆ. 2005ರಲ್ಲಿ ಕಡಲ್ಗಳ್ಳರ ಕಾಟದಿಂದ ಮಲಾಕ್ಕಾ ಜಲಸಂಧಿಯನ್ನು ಲಂಡನ್‌ನ ವಿಮಾ ಸಂಸ್ಥೆಗಳು ಯುದ್ಧಭೀತಿಯ ಪ್ರದೇಶದ ಪಟ್ಟಿಗೆ ಸೇರಿಸಿದ್ದವು. ಹಡಗಿನ ವಿಮೆ ದುಬಾರಿಯಾಯಿತು. ದಡದ ಮೂರು ದೇಶಗಳಾದ ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರ ಹಡಗು ಮತ್ತು ವಿಮಾನಗಳಿಂದ ಸಂಘಟಿತ ಗಸ್ತು ನಡೆಸಿದವು. ಮರುವರ್ಷವೇ ಜಲಸಂಧಿ ಆ ಪಟ್ಟಿಯಿಂದ ಹೊರಬಂತು. 2017ರಿಂದ ಸುಲು ಸಮುದ್ರದಲ್ಲಿ ಇಂಡೊನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್ ಇದೇ ಮಾದರಿಯ ಗಸ್ತು ನಡೆಸುತ್ತಿವೆ. ಸಬಾ ಯಾರದೆಂಬ ಹಳೆಯ ವ್ಯಾಜ್ಯ ಇನ್ನೂ ಬಗೆಹರಿದಿಲ್ಲ, ಗಸ್ತಿಗೆ ಅದು ಅಡ್ಡಬಂದಿಲ್ಲ. ಯಾರ ಮೈಗೆ ಬಿಸಿ ತಟ್ಟಿದೆಯೋ ಅವರಷ್ಟೇ ಸೇರಿ ಮಾಡುವ ಕೆಲಸಕ್ಕೆ ಹನ್ನೊಂದು ಸಹಿ ಬೇಕಿಲ್ಲ. ದಕ್ಷಿಣ ಚೀನಾ ಸಮುದ್ರದಲ್ಲಿಯೂ ಫಿಲಿಪ್ಪೀನ್ಸ್ ಮತ್ತು ವಿಯೆಟ್ನಾಂ ತಮ್ಮ ಕರಾವಳಿ ಕಾವಲು ಪಡೆಗಳ ನಡುವೆ ಇಂಥ ಹೊಂದಾಣಿಕೆ ಶುರುಮಾಡಿವೆ. ಫಿಲಿಪ್ಪೀನ್ಸ್ 2022ರಲ್ಲಿ ಭಾರತದಿಂದ ಬ್ರಹ್ಮೋಸ್ ಕ್ಷಿಪಣಿ ಕೊಂಡದ್ದೂ ಒಕ್ಕೂಟವನ್ನು ಕೇಳಿ ಅಲ್ಲ.

ಆದರೆ ಒಂದು ಕಾಗದ ಮಾತ್ರ ಎಲ್ಲರ ಸಹಿಯಿಂದಲೇ ಆಗಬೇಕು: ದಕ್ಷಿಣ ಚೀನಾ ಸಮುದ್ರದಲ್ಲಿ ಎಲ್ಲರೂ ಹೇಗೆ ನಡೆದುಕೊಳ್ಳಬೇಕೆಂಬ ನೀತಿಸಂಹಿತೆ. 2002ರಲ್ಲಿ ಚೀನಾದೊಂದಿಗೆ ಬರಿಯ ಘೋಷಣೆಯೊಂದಕ್ಕೆ ಸಹಿಯಾಗಿತ್ತು. ಅದನ್ನು ಕಟ್ಟುನಿಟ್ಟಿನ ಸಂಹಿತೆ ಮಾಡುವ ಮಾತುಕತೆ ಎರಡು ದಶಕಗಳಿಂದ ತೆವಳುತ್ತಿದೆ. 2026ರೊಳಗೆ ಮುಗಿಸುವ ಗುರಿ ಇಟ್ಟುಕೊಂಡಿದ್ದಾರೆ, ಅಧ್ಯಕ್ಷ ಸ್ಥಾನ ಫಿಲಿಪ್ಪೀನ್ಸ್ ಕೈಯಲ್ಲಿದೆ. ಕರಡಿನ ಮೇಲಿನ ಜಗಳಗಳಲ್ಲಿ ಮುಖ್ಯವಾದವು ಇವು: ಸಂಹಿತೆ ಕಾನೂನಿನಂತೆ ಬದ್ಧವಾಗಬೇಕೇ ಬೇಡವೇ, ವಿಯೆಟ್ನಾಂ ಕೇಳುವಂತೆ ಪ್ಯಾರಾಸೆಲ್ ದ್ವೀಪಗಳೂ ಅದರ ವ್ಯಾಪ್ತಿಗೆ ಬರಬೇಕೇ, ಹೊರಗಿನ ದೇಶಗಳೊಂದಿಗೆ ಜಂಟಿ ಸೇನಾ ಕವಾಯತಿಗೆ ಎಲ್ಲರ ಒಪ್ಪಿಗೆ ಬೇಕು, ತೈಲ ಮತ್ತು ಅನಿಲ ಶೋಧನೆಯಲ್ಲಿ ಹೊರಗಿನ ಕಂಪನಿಗಳನ್ನು ಸೇರಿಸಿಕೊಳ್ಳಬಾರದು ಎಂಬ ಚೀನಾದ ಷರತ್ತುಗಳನ್ನು ಒಪ್ಪಬೇಕೇ. ಕೊನೆಯದನ್ನು ನಾವು ವಿಶೇಷವಾಗಿ ಗಮನಿಸಬೇಕು. ನಮ್ಮ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿ ವಿದೇಶ್ 1988ರಿಂದ ವಿಯೆಟ್ನಾಂ ಕಡಲಿನ 06.1 ಎಂಬ ಬ್ಲಾಕ್‌ನ ಅನಿಲ ಯೋಜನೆಯಲ್ಲಿ ಪಾಲುದಾರ. ಆ ಷರತ್ತು ಸಂಹಿತೆಯೊಳಗೆ ನುಸುಳಿದರೆ, ಇಂಥ ಪ್ರತಿಯೊಂದು ಹೊಸ ಗುತ್ತಿಗೆಗೂ ಹನೊಯ್ ಬೀಜಿಂಗ್‌ನ ಮುಖ ನೋಡಬೇಕಾಗುತ್ತದೆ.